ಕಡ್ಡಾಯ ಕನ್ನಡ ಪತ್ರಿಕೆಗೆ ವ್ಯಾಕರಣ ಮತ್ತು ಸಂಕ್ಷೇಪ: ಪಠ್ಯಪುಸ್ತಕವೋ, ಗೈಡೋ, ಕೋಚಿಂಗೋ?

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ‘ಪತ್ರಿಕೆ ಎ’, ಅಂದರೆ ಕಡ್ಡಾಯ ಭಾರತೀಯ ಭಾಷಾ ಪತ್ರಿಕೆ, ವಿಚಿತ್ರವಾದದ್ದು. 300 ಅಂಕ, ಮೂರು ಗಂಟೆ. ಆದರೆ ಅಲ್ಲಿ ಗಳಿಸಿದ ಒಂದು ಅಂಕವೂ ರ‍್ಯಾಂಕಿಗೆ ಸೇರುವುದಿಲ್ಲ. ಶೇ 25, ಅಂದರೆ 75 ಅಂಕ ಬಂದರೆ ಸಾಕು. ಬಾರದಿದ್ದರೆ ಮಾತ್ರ ಪ್ರಬಂಧ, ಸಾಮಾನ್ಯ ಅಧ್ಯಯನ, ಐಚ್ಛಿಕ ವಿಷಯ ಎಂದು ವರ್ಷಗಟ್ಟಲೆ ಓದಿ ಬರೆದ ಏಳು ಪತ್ರಿಕೆಗಳೂ ಲೆಕ್ಕಕ್ಕಿಲ್ಲ.

ಈ ಪತ್ರಿಕೆಯ ವಿಷಯದಲ್ಲಿ ಅಭ್ಯರ್ಥಿಗಳು ಎರಡು ಗುಂಪು. ‘ಮನೆಮಾತೇ ಕನ್ನಡ, ಇದಕ್ಕೇನು ಓದೋದು’ ಎಂದು ಕೊನೆಯ ವಾರದವರೆಗೆ ಪುಸ್ತಕ ಮುಟ್ಟದವರು ಒಂದು ಗುಂಪು. ದಪ್ಪನೆಯ ವ್ಯಾಕರಣ ಪುಸ್ತಕ ತಂದು ಸಂಧಿ, ಸಮಾಸಗಳ ಪಟ್ಟಿ ಉರುಹೊಡೆಯುವವರು ಇನ್ನೊಂದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಎಂಜಿನಿಯರಿಂಗ್ ಮುಗಿಸಿ, ಹತ್ತನೇ ತರಗತಿಯ ನಂತರ ಕನ್ನಡದಲ್ಲಿ ಒಂದು ಪುಟವನ್ನೂ ಕೈಯಲ್ಲಿ ಬರೆಯದವರು ಎರಡೂ ಗುಂಪಿನಲ್ಲಿದ್ದಾರೆ. ಅಪಾಯ ಹೆಚ್ಚಿರುವುದು ಅವರಿಗೇ. ಯಾವ ಸಾಮಗ್ರಿ ಹಿಡಿಯಬೇಕು ಎಂದು ತೀರ್ಮಾನಿಸುವ ಮೊದಲು ಅಂಕ ಎಲ್ಲಿದೆ ಎಂದು ನೋಡಬೇಕು.

ಅಂಕಗಳ ಹಂಚಿಕೆ

ಪ್ರಬಂಧಕ್ಕೆ 100. ಗದ್ಯಭಾಗ ಓದಿ ಐದು ಪ್ರಶ್ನೆಗಳಿಗೆ ಉತ್ತರಿಸುವುದಕ್ಕೆ 60. ಕೊಟ್ಟ ಗದ್ಯವನ್ನು ಮೂರನೇ ಒಂದರಷ್ಟಕ್ಕೆ ಇಳಿಸುವ ಸಂಕ್ಷೇಪಕ್ಕೆ 60. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ 20, ಕನ್ನಡದಿಂದ ಇಂಗ್ಲಿಷಿಗೆ 20. ಉಳಿದ 40 ವ್ಯಾಕರಣ ಮತ್ತು ಭಾಷಾ ಬಳಕೆಗೆ: ನುಡಿಗಟ್ಟು, ಸಮಾನಾರ್ಥಕ, ವಿರುದ್ಧಾರ್ಥಕ, ತಪ್ಪು ತಿದ್ದುವುದು ಇಂಥವು. ಇದರ ಒಳಹಂಚಿಕೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಅಂದರೆ ವ್ಯಾಕರಣದ ಪ್ರಶ್ನೆಗಳಿಗೆ ಪೂರ್ತಿ ಅಂಕ ಬಂದರೂ 40 ಮಾತ್ರ. ಅದೊಂದರಿಂದಲೇ 75 ದಾಟಲಾಗದು. ಮಿಕ್ಕ 260 ಅಂಕವೂ ವಾಕ್ಯ ಬರೆಯುವುದಕ್ಕೆ. ವ್ಯಾಕರಣ ಬೇಡವೆಂದು ನಾನು ಹೇಳುತ್ತಿಲ್ಲ. ವಾಕ್ಯ ಕಟ್ಟುವುದಕ್ಕೆ, ಅದರಲ್ಲೂ ವಾಕ್ಯ ಕುಗ್ಗಿಸುವುದಕ್ಕೆ ಒದಗುವ ವ್ಯಾಕರಣ ಬೇಕು. ಅದು ಬಹುತೇಕ ಮೂರು ಅಧ್ಯಾಯಗಳಲ್ಲಿದೆ: ಕೃದಂತ (‘ಮಾಡಿ’, ‘ಮಾಡುವ’ ಎಂಬಂತೆ ಕ್ರಿಯೆಯ ಧಾತುವಿನಿಂದ ಹುಟ್ಟಿದ ಪದ), ವಿಭಕ್ತಿ, ಸಮಾಸ. ಎಲ್ಲರೂ ಮೊದಲು ಓದುವ ಸಂಧಿ ಈ ಪಟ್ಟಿಯಲ್ಲಿ ಇಲ್ಲ. ಕೆಳಗಿನ ಆಯ್ಕೆಗಳನ್ನೆಲ್ಲ ನಾನು ಅಳೆಯುವುದು ಈ ಒಂದೇ ಅಳತೆಯಲ್ಲಿ.

ರಾಜ್ಯದ ಪರೀಕ್ಷೆಗಳ ಲೆಕ್ಕ ಬೇರೆ. ಕೆಪಿಎಸ್‌ಸಿಯ ಕೆಎಎಸ್ ಮುಖ್ಯ ಪರೀಕ್ಷೆಯಲ್ಲೂ ಕನ್ನಡ, ಇಂಗ್ಲಿಷ್ ಅರ್ಹತಾ ಪತ್ರಿಕೆಗಳಿವೆ, ತಲಾ 150 ಅಂಕ. ‘ಸಿ’ ವೃಂದದ ಹುದ್ದೆಗಳ ಕಡ್ಡಾಯ ಕನ್ನಡ ಭಾಷಾ ಪರೀಕ್ಷೆಯಲ್ಲಿ 150ಕ್ಕೆ 50 ಬೇಕು. ಪದವಿ ಮಟ್ಟದ ಹುದ್ದೆಗಳ ಸಂವಹನ ಪತ್ರಿಕೆಯಲ್ಲಿ ಸಾಮಾನ್ಯ ಕನ್ನಡಕ್ಕೆ 35 ಅಂಕವಿದ್ದು, ಅದು ಬಹುಆಯ್ಕೆಯದು. ಹೀಗಾಗಿ ‘ಕನ್ನಡ ವ್ಯಾಕರಣ’ ಎಂದು ಮುಖಪುಟದಲ್ಲಿ ಅಚ್ಚಾದ ಪುಸ್ತಕ ಯಾವ ಪರೀಕ್ಷೆಗಾಗಿ ಬರೆದದ್ದು ಎಂದು ನೋಡದೆ ಕೊಳ್ಳಬೇಡಿ.

ಕರಾವಳಿಯವರಿಗೆ ಒಂದು ಮಾತು. ಪತ್ರಿಕೆ ಎಗೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯನ್ನೇ ಆರಿಸಬೇಕು. ತುಳು, ಕೊಡವ ಆ ಪಟ್ಟಿಯಲ್ಲಿಲ್ಲ. ಕೊಂಕಣಿ ಇದೆ, ಆದರೆ ಅದನ್ನು ದೇವನಾಗರಿಯಲ್ಲಿ ಬರೆಯಬೇಕು. ಮನೆಯಲ್ಲಿ ಕೊಂಕಣಿ ಆಡಿದರೂ ಕನ್ನಡ ಲಿಪಿಯಲ್ಲೇ ಓದಿ ಬರೆದು ಬೆಳೆದ ಮಂಗಳೂರಿನವರಿಗೆ ಕನ್ನಡವೇ ಸಲೀಸು.

ಹೈಸ್ಕೂಲು ಪಠ್ಯಪುಸ್ತಕ

ಎಂಟು, ಒಂಬತ್ತು, ಹತ್ತನೇ ತರಗತಿಯ ಪ್ರಥಮ ಭಾಷೆ ಕನ್ನಡದ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ವಿವರಣೆ ಚಿಕ್ಕದು, ಉದಾಹರಣೆ ಸರಳ, ಪಕ್ಕದಲ್ಲೇ ಅಭ್ಯಾಸ. ಪತ್ರಿಕೆ ಎ ಕೇಳುವ ಮಟ್ಟವೂ ಹೆಚ್ಚುಕಡಿಮೆ ಇದೇ. ಹೆಚ್ಚಿನವರು ಇಲ್ಲಿಂದಲೇ ಶುರುಮಾಡಲಿ ಎಂಬುದು ನನ್ನ ಸಲಹೆ.

ತೊಂದರೆ ಎರಡಿವೆ. ವ್ಯಾಕರಣ ಪಾಠಪಾಠಕ್ಕೂ ಹಂಚಿಹೋಗಿರುವುದರಿಂದ ಒಂದು ವಿಷಯ ಪೂರ್ತಿ ತಿಳಿಯಲು ಮೂರು ಪುಸ್ತಕ ತಿರುವಬೇಕು. ಎರಡನೆಯದು, ಛಂದಸ್ಸು, ಅಲಂಕಾರಗಳೂ ಜೊತೆಗೇ ಬರುತ್ತವೆ. ಪ್ರಸ್ತಾರ ಹಾಕುವ ಆಸೆಯಿದ್ದರೆ ಪರೀಕ್ಷೆ ಮುಗಿದ ಮೇಲೆ ಹಾಕಿಕೊಳ್ಳಬಹುದು. ಕೆಲವು ಕಡೆ ಪಠ್ಯದ ವ್ಯಾಕರಣ ಬಳಕೆಯ ಕನ್ನಡಕ್ಕಿಂತ ಹಿಂದೆ ನಿಂತಿದೆ. ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ಪಟ್ಟಿಯಲ್ಲಿರುತ್ತದೆ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾವ ಊರಲ್ಲೂ ಯಾರೂ ಹೇಳುವುದಿಲ್ಲ, ‘ಮರದಿಂದ’ ಎನ್ನುತ್ತಾರೆ. ಪಟ್ಟಿ ಕೇಳಿದರೆ ಪುಸ್ತಕದಂತೆ ಬರೆಯಿರಿ, ಪ್ರಬಂಧದಲ್ಲಿ ಬಳಕೆಯಂತೆ ಬರೆಯಿರಿ.

ಸಿಬಿಎಸ್‌ಇಯಲ್ಲಿ ಓದಿದವರಿಗೆ, ಕನ್ನಡವನ್ನು ಮೂರನೇ ಭಾಷೆಯಾಗಿ ಓದಿದವರಿಗೆ ಪ್ರಥಮ ಭಾಷೆಯ ಪುಸ್ತಕ ಮೊದಲ ಪುಟದಲ್ಲೇ ಹೆದರಿಸಬಹುದು. ಅವರು ತೃತೀಯ ಭಾಷೆಯ ಪುಸ್ತಕದಿಂದ ಮೇಲೇರಲಿ. ನಾಚಿಕೆಯೇನಿಲ್ಲ, ಆ ಪುಸ್ತಕಗಳ ವಾಕ್ಯಗಳು ಚಿಕ್ಕವಾಗಿ ನೆಟ್ಟಗಿವೆ. ನಿಮಗೆ ಬೇಕಾದ ಮಾದರಿಯೂ ಅದೇ.

ದೊಡ್ಡ ವ್ಯಾಕರಣ ಗ್ರಂಥ

ತೀ.ನಂ.ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ದಂಥ ಪುಸ್ತಕ ಒಂದೇ ಕಡೆ ಎಲ್ಲವನ್ನೂ ಕ್ರಮವಾಗಿ ಕೊಡುತ್ತದೆ. ‘ಏಕೆ ಹೀಗೆ’ ಎಂದು ಕೇಳುವ ಸ್ವಭಾವದವರಿಗೆ ಹಿಡಿಸುತ್ತದೆ. ಆದರೆ ಅದನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬೇಕಾಗಿಲ್ಲ. ಕೃದಂತ, ವಿಭಕ್ತಿ, ಸಮಾಸದ ಭಾಗ ಓದಿ ಕಪಾಟಿನಲ್ಲಿಟ್ಟು, ಅನುಮಾನ ಬಂದಾಗ ತೆಗೆಯಿರಿ. ಕೇಶಿರಾಜನ ಸೂತ್ರಗಳವರೆಗೆ ಹೋಗುವುದಂತೂ ಬೇಡವೇ ಬೇಡ. ಅದು 13ನೇ ಶತಮಾನದವನು ಹಳಗನ್ನಡಕ್ಕೆ ಬರೆದದ್ದು. ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡವರಿಗೆ ಅದರ ಪರಿಚಯ ಬೇಕಾದೀತು, ಉಳಿದವರಿಗಲ್ಲ.

ಎಫ್‌ಡಿಎ, ಎಸ್‌ಡಿಎ ಗೈಡುಗಳು

ಪ್ರಥಮ, ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆಯ ಗೈಡುಗಳಿವು, ಪುಸ್ತಕದಂಗಡಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಇವೇ. ‘ಮಳೆಗಾಲ: ಇದು ಯಾವ ಸಂಧಿ? ಲೋಪ, ಆಗಮ, ಆದೇಶ, ಗುಣ’ ಎಂಬಂಥ ನೂರಾರು ಪ್ರಶ್ನೆ, ಹಿಂದೆ ಉತ್ತರ. ಬಹುಆಯ್ಕೆ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಆದರೆ ನಾಲ್ಕರಲ್ಲಿ ಸರಿಯಾದದ್ದನ್ನು ಗುರುತಿಸುವುದೇ ಬೇರೆ, ಖಾಲಿ ಹಾಳೆಯ ಮೇಲೆ ಸರಿಯಾಗಿ ಬರೆಯುವುದೇ ಬೇರೆ. ‘ಆದೇಶ’ ಎಂದು ತಟ್ಟನೆ ಹೇಳುವವರೇ ಪ್ರಬಂಧದಲ್ಲಿ ‘ಪ್ರಾರಂಬ’, ‘ಸಂಭಂದ’ ಎಂದು ಬರೆಯುತ್ತಾರೆ. ವಿವರಣಾತ್ಮಕ ಪರೀಕ್ಷೆಗೆ ಕುಳಿತವರಿಗೆ ಗೈಡಿನಿಂದ ದಕ್ಕುವುದು ನುಡಿಗಟ್ಟು, ಸಮಾನಾರ್ಥಕ, ವಿರುದ್ಧಾರ್ಥಕಗಳ ಪಟ್ಟಿಗಳು. ಅಲ್ಲೂ ಅರ್ಥ ಓದಿ ಬಿಡಬೇಡಿ, ಸ್ವಂತ ವಾಕ್ಯ ಮಾಡಿ. ‘ಎಳ್ಳುನೀರು ಬಿಡು’ ಎಂದರೆ ಆಸೆ ಬಿಟ್ಟುಬಿಡುವುದು ಎಂದು ಗೊತ್ತಿದ್ದೂ ಅದಕ್ಕೊಂದು ವಾಕ್ಯ ಹೊಳೆಯದೆ ಪೆನ್ನು ಕಚ್ಚುತ್ತ ಕೂರುವುದು ಪರೀಕ್ಷಾ ಕೋಣೆಯ ಮಾಮೂಲಿ ದೃಶ್ಯ.

ಕೋಚಿಂಗ್ ಮತ್ತು ವಿಡಿಯೊ

ಬೆಂಗಳೂರಿನ ವಿಜಯನಗರದಲ್ಲಿ, ಧಾರವಾಡದಲ್ಲಿ ಕೋಚಿಂಗ್ ಕೇಂದ್ರಗಳಿಗೆ ಬರವಿಲ್ಲ. ಯೂಟ್ಯೂಬಿನಲ್ಲಿ ಇಡೀ ವ್ಯಾಕರಣ ಪುಕ್ಕಟೆ ಇದೆ. ಕೇಳುವಾಗ ಎಲ್ಲ ಅರ್ಥವಾಗುತ್ತದೆ, ಅಲ್ಲೇ ಮೋಸ. ಕೈಗೆ ಅಭ್ಯಾಸವಾಗಿರುವುದಿಲ್ಲ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾನು ಬರೆದ ಸಂಕ್ಷೇಪವನ್ನು ಯಾರಾದರೂ ಕೆಂಪು ಪೆನ್ನು ಹಿಡಿದು ಓದುತ್ತಾರಾ? ‘ಟೆಸ್ಟ್ ಸೀರೀಸ್ ಇದೆ’ ಎಂದರೆ ಸಾಲದು. ತಿದ್ದಿದ ಹಾಳೆಯೊಂದನ್ನು ತೋರಿಸಲಿ. ಅದರಲ್ಲಿ ಅಂಕ ಮಾತ್ರ ಇದ್ದು ಗೆರೆ, ಟಿಪ್ಪಣಿ ಏನೂ ಇಲ್ಲದಿದ್ದರೆ ಆ ಹಣ ಉಳಿಸಿಕೊಳ್ಳಿ.

ಹಳೆಯ ಪ್ರಶ್ನೆಪತ್ರಿಕೆ, ಸಂಪಾದಕೀಯ, ತಿದ್ದುವ ಒಬ್ಬರು

ನನ್ನ ಮತ ಇದಕ್ಕೆ. ಯುಪಿಎಸ್‌ಸಿ ಹಿಂದಿನ ವರ್ಷಗಳ ಪತ್ರಿಕೆಗಳನ್ನು ತನ್ನ ಜಾಲತಾಣದಲ್ಲೇ ಹಾಕಿದೆ. ಅವುಗಳ ಗದ್ಯಭಾಗ ಮುಗಿದ ಮೇಲೆ ಕನ್ನಡ ಪತ್ರಿಕೆಗಳ ಸಂಪಾದಕೀಯಗಳಿವೆ. ವಾರಕ್ಕೆರಡು ಬರೆದರೂ ಸಾಕು, ಆದರೆ ಕೈಬರಹದಲ್ಲಿ. ಮೊಬೈಲಿನಲ್ಲಿ ಟೈಪ್ ಮಾಡಿದರೆ ಅಲ್ಪಪ್ರಾಣ, ಮಹಾಪ್ರಾಣದ ತಪ್ಪನ್ನು ಅದೇ ಸೂಚಿಸಿ ಮುಚ್ಚಿಬಿಡುತ್ತದೆ. ಪರೀಕ್ಷೆಯಲ್ಲಿ ಆ ಸಹಾಯ ಇರುವುದಿಲ್ಲ.

ತಿದ್ದುವವರು ಯಾರು? ಊರಿನ ನಿವೃತ್ತ ಕನ್ನಡ ಮೇಷ್ಟ್ರಿಗಿಂತ ಒಳ್ಳೆಯವರು ಸಿಗಲಾರರು. ಹೈಸ್ಕೂಲಿನಲ್ಲಿ ಹತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದವರಿಗೆ ನಿಮ್ಮ ತಪ್ಪಿನ ಜಾತಿ ಎರಡು ಪುಟದಲ್ಲಿ ಗೊತ್ತಾಗುತ್ತದೆ. ಒಬ್ಬರಿಗೆ ಒತ್ತಕ್ಷರ, ಒಬ್ಬರಿಗೆ ‘ಅ’ಕಾರ ‘ಹ’ಕಾರ, ಇನ್ನೊಬ್ಬರಿಗೆ ಕರ್ತೃ ಕ್ರಿಯಾಪದ ಹೊಂದಿಕೆ. ‘ಮೇಷ್ಟ್ರೇ, ಬಿಡುವಾದಾಗ ಒಂದಿಷ್ಟು ನೋಡಿಕೊಡ್ತೀರಾ’ ಎಂದರೆ ಬಹುತೇಕರು ಖುಷಿಯಿಂದಲೇ ಒಪ್ಪುತ್ತಾರೆ. ಅವರು ಸಿಗದಿದ್ದರೆ ಜೊತೆಗೆ ಓದುವ ಗೆಳೆಯನೂ ಆದೀತು, ಬದಲಿಗೆ ಅವನ ಹಾಳೆಯನ್ನು ನೀವು ತಿದ್ದಬೇಕು. ಬೇರೆಯವರ ಹಾಳೆ ತಿದ್ದುವಾಗ ಕಾಣುವ ಪುನರುಕ್ತಿ ನಮ್ಮ ಹಾಳೆಯಲ್ಲಿ ಕಾಣುವುದಿಲ್ಲ.

ಕುಗ್ಗಿಸುವುದು ಹೇಗೆ

ಒಂದು ಚಿಕ್ಕ ಗದ್ಯ ತೆಗೆದುಕೊಳ್ಳೋಣ, ಸರಿಯಾಗಿ 50 ಪದ:

‘ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಕೆರೆಗಳ ಹೂಳೆತ್ತುವ ಕೆಲಸವನ್ನು ಊರಿನ ಜನರೆಲ್ಲರೂ ಒಟ್ಟಾಗಿ ಸೇರಿ ಪ್ರತಿ ವರ್ಷವೂ ಬೇಸಿಗೆಯ ದಿನಗಳಲ್ಲಿ ತಪ್ಪದೆ ಮಾಡುತ್ತಿದ್ದರು. ಹಾಗೆ ಎತ್ತಿದ ಹೂಳನ್ನು ರೈತರು ತಮ್ಮ ತಮ್ಮ ಹೊಲಗಳಿಗೆ ಗೊಬ್ಬರವಾಗಿ ಸಾಗಿಸಿಕೊಳ್ಳುತ್ತಿದ್ದರು. ಇದರಿಂದ ಕೆರೆಯಲ್ಲಿ ನೀರು ನಿಲ್ಲುವ ಪ್ರಮಾಣವೂ ಹೆಚ್ಚುತ್ತಿತ್ತು, ಹೊಲದ ಫಲವತ್ತತೆಯೂ ಹೆಚ್ಚುತ್ತಿತ್ತು. ಆದರೆ ಕೊಳವೆಬಾವಿಗಳು ಬಂದ ನಂತರ ಕೆರೆಯ ಮೇಲಿನ ಅವಲಂಬನೆ ಕಡಿಮೆಯಾಯಿತು. ಅವಲಂಬನೆ ಕಡಿಮೆಯಾದಂತೆ ಕೆರೆಯ ಬಗೆಗಿನ ಕಾಳಜಿಯೂ ಕಡಿಮೆಯಾಗುತ್ತಾ ಬಂದಿತು.’

ಹೊಸಬರು ಮೊದಲ ವಾಕ್ಯ, ಕೊನೆಯ ವಾಕ್ಯ ಎತ್ತಿ ಬರೆಯುತ್ತಾರೆ. ಹಾಗೆ ಮಾಡಿದರೆ 24 ಪದವಾಗುತ್ತದೆ, ಹೂಳಿನಿಂದ ಆದ ಲಾಭದ ಮಾತೇ ಬಿಟ್ಟುಹೋಗುತ್ತದೆ. ಸಾಲದ್ದಕ್ಕೆ ಸ್ವಂತ ಮಾತಿನಲ್ಲಿ ಬರೆಯಿರಿ ಎಂಬ ಸೂಚನೆಯನ್ನೂ ಮುರಿದಂತಾಗುತ್ತದೆ. ನಾನು ಬರೆಯುವುದಾದರೆ:

‘ಹಿಂದೆ ಊರವರು ಬೇಸಿಗೆಯಲ್ಲಿ ಕೂಡಿ ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದುದರಿಂದ ಕೆರೆ, ಹೊಲ ಎರಡಕ್ಕೂ ಲಾಭವಿತ್ತು. ಕೊಳವೆಬಾವಿ ಬಂದು ಅವಲಂಬನೆ ತಗ್ಗಿದಂತೆ ಕಾಳಜಿಯೂ ಕುಗ್ಗಿತು.’

18 ಪದ. ಮೂಲದ ಐದು ವಾಕ್ಯ ಎರಡಾಗಿವೆ. ಕೆಲಸ ಮಾಡಿದ್ದು ಯಾವ ವ್ಯಾಕರಣ ನೋಡಿ. ‘ಕೂಡಿ’, ‘ಎತ್ತಿ’, ‘ಬಂದು’ ಎಂಬ ಕೃದಂತಾವ್ಯಯಗಳು ಒಂದೊಂದು ವಾಕ್ಯವನ್ನೇ ನುಂಗಿವೆ. ‘ಹಾಕುತ್ತಿದ್ದುದರಿಂದ’ ಎಂಬಲ್ಲಿ ಕೃದಂತದ ಮೇಲೆ ವಿಭಕ್ತಿ ಕೂತು ‘ಇದರ ಕಾರಣದಿಂದಾಗಿ’ ಎಂಬುದನ್ನು ಅನಗತ್ಯಗೊಳಿಸಿದೆ. (‘ಹಾಕುತ್ತಿದ್ದರಿಂದ’ ಎಂದು ಬರೆಯುವವರು ಬಹಳ, ‘ಇದ್ದುದರಿಂದ’ ಎಂಬುದೇ ಸರಿಯಾದ ರೂಪ.) ‘ಪ್ರತಿ ವರ್ಷ’ ಬಿಟ್ಟದ್ದು ನನಗೂ ಸ್ವಲ್ಪ ಕಸಿವಿಸಿಯೇ, ‘ಹಾಕುತ್ತಿದ್ದ’ ಎಂಬ ರೂಢಿಸೂಚಕ ರೂಪ ಅದನ್ನು ಅರ್ಧ ಹೇಳುತ್ತದೆ ಎಂದು ಬಿಟ್ಟೆ.

ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವವರ ವಾಕ್ಯ ಉದ್ದವಾಗುವುದು ಇಲ್ಲಿಯೇ. ‘ರೈತರು ವಲಸೆ ಹೋದರು ಏಕೆಂದರೆ ಈ ವರ್ಷ ಮಳೆ ಬರಲಿಲ್ಲ’ ಎಂದು ಬರೆಯುತ್ತಾರೆ. ‘ಈ ವರ್ಷ ಮಳೆ ಬಾರದೆ ರೈತರು ವಲಸೆ ಹೋದರು’ ಎಂದರೆ ಮುಗಿಯಿತು. ‘ಯಾರು ತೆರಿಗೆ ಕಟ್ಟುತ್ತಾರೋ ಅಂಥವರು’ ಎಂದರೆ ನಾಲ್ಕು ಪದ, ‘ತೆರಿಗೆ ಕಟ್ಟುವವರು’ ಎಂದರೆ ಎರಡು. ಈ ಒಂದು ಬದಲಾವಣೆಯನ್ನು ಕೈಗೆ ಹತ್ತಿಸಿಕೊಂಡರೆ ಸಂಕ್ಷೇಪಕ್ಕಷ್ಟೇ ಅಲ್ಲ, ಅನುವಾದದ 20 ಅಂಕಕ್ಕೂ ಅದೇ ಒದಗುತ್ತದೆ. ಇಂಗ್ಲಿಷಿನ ಉದ್ದ ವಾಕ್ಯವನ್ನು ಬಾಲದಿಂದ ಹಿಡಿದು ಕನ್ನಡಕ್ಕೆ ತರುವ ವಿದ್ಯೆ ಇದು.

ಕೃದಂತ ಬಳಸುವಾಗ ಒಂದು ಎಚ್ಚರ. ‘ಅಧಿಕಾರಿಗಳು ಸ್ಥಳಕ್ಕೆ ಭೇಟಿ ನೀಡಿ ಸಮಸ್ಯೆ ಬಗೆಹರಿಯಿತು’ ಎಂಬ ವಾಕ್ಯ ಕುಂಟುತ್ತದೆ, ಭೇಟಿ ನೀಡಿದವರು ಒಬ್ಬರು, ಬಗೆಹರಿದದ್ದು ಇನ್ನೊಂದು. ‘ಭೇಟಿ ನೀಡಿ ಸಮಸ್ಯೆ ಬಗೆಹರಿಸಿದರು’ ಎನ್ನಬೇಕು. ಹಾಗಾದರೆ ‘ಮಳೆ ಬಂದು ಕೆರೆ ತುಂಬಿತು’ ಹೇಗೆ ಸರಿ? ಅಲ್ಲಿ ಒಂದು ಘಟನೆ ತಾನಾಗಿ ಇನ್ನೊಂದಕ್ಕೆ ಕಾರಣವಾಗಿದೆ, ಕಿವಿ ಒಪ್ಪುತ್ತದೆ. ಅನುಮಾನವಿದ್ದರೆ ಗಟ್ಟಿಯಾಗಿ ಓದಿ ನೋಡಿ.

ಇನ್ನು ಕಚೇರಿ ಕನ್ನಡ. ಆಡಳಿತಕ್ಕೆ ಸೇರಬೇಕೆಂದವರು ಆಡಳಿತದ ಭಾಷೆಯಲ್ಲೇ ಬರೆಯಬೇಕು ಎಂದುಕೊಳ್ಳುತ್ತಾರೋ ಏನೋ! ‘ಸದರಿ ಯೋಜನೆಯ ಅನುಷ್ಠಾನ ಕಾರ್ಯವನ್ನು ಜಿಲ್ಲಾಡಳಿತದ ವತಿಯಿಂದ ಕೈಗೊಳ್ಳಲಾಗಿರುತ್ತದೆ’ ಎಂದು ಏಳು ಪದ ಸುರಿಯುತ್ತಾರೆ. ‘ಜಿಲ್ಲಾಡಳಿತ ಈ ಯೋಜನೆಯನ್ನು ಜಾರಿಗೊಳಿಸಿದೆ’ ಎಂಬ ನಾಲ್ಕರಲ್ಲಿ ಎಲ್ಲವೂ ಇದೆ. ‘-ಲಾಗಿದೆ’, ‘-ಲಾಗಿರುತ್ತದೆ’ ಕಂಡಲ್ಲೆಲ್ಲ ಮಾಡಿದವರು ಯಾರು ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿದ್ದರೆ ಅವರನ್ನೇ ಕರ್ತೃಸ್ಥಾನದಲ್ಲಿ ಕೂರಿಸಿ. ‘ಎಂದು ಹೇಳಬಹುದಾಗಿದೆ’, ‘ಎಂಬುದು ಗಮನಾರ್ಹವಾದ ಸಂಗತಿಯಾಗಿದೆ’ ಇವುಗಳನ್ನು ಸಂಕ್ಷೇಪದಲ್ಲಿ ನಿರ್ದಯವಾಗಿ ಹೊಡೆದುಹಾಕಿ. ‘ಪುನಃ ಮತ್ತೊಮ್ಮೆ’, ‘ಸುಮಾರು ನೂರರಷ್ಟು’, ‘ಸವಿಸ್ತಾರವಾಗಿ ವಿವರಿಸಿ’ ಇವುಗಳಲ್ಲಿ ಒಂದೊಂದು ಪದ ಸುಮ್ಮನೆ ಕೂತಿದೆ.

ಪದ ಉಳಿಸಲು ಕೆಲವರು ಹೇಳಿಕೊಡುವ ಉಪಾಯವೊಂದಿದೆ: ಸಂಧಿ ಮಾಡಿ ಪದಗಳನ್ನು ಕೂಡಿಸಿಬಿಡುವುದು. ‘ಮಾಡಬೇಕಾಗಿದೆ ಎಂದು’ ಎರಡು ಪದ, ‘ಮಾಡಬೇಕಾಗಿದೆಯೆಂದು’ ಒಂದು. ಅಲ್ಲೊಂದು ಇಲ್ಲೊಂದು ಸರಿ. ಇಡೀ ಪುಟ ಹಾಗೆ ಹೆಣೆದರೆ ಓದುವವರಿಗೆ ಉಸಿರು ಕಟ್ಟುತ್ತದೆ, ಲೆಕ್ಕದಲ್ಲಿ ಪದ ಕಡಿಮೆಯಾದರೂ ಹಾಳೆಯ ಮೇಲೆ ಸಾಲು ಕಡಿಮೆಯಾಗಿರುವುದಿಲ್ಲ. ಸಮಾಸದಲ್ಲೂ ಹಾಗೆಯೇ. ‘ಕೆರೆಯ ನೀರು’ ‘ಕೆರೆನೀರು’ ಆಗಬಹುದು, ಆದರೆ ರೂಢಿಯಲ್ಲಿಲ್ಲದ ಹೊಸ ಸಮಾಸ ಹುಟ್ಟಿಸಲು ಪರೀಕ್ಷಾ ಕೋಣೆ ತಕ್ಕ ಜಾಗವಲ್ಲ.

ಇಂಗ್ಲಿಷಿನ ಕಡ್ಡಾಯ ಪತ್ರಿಕೆಗೂ 300 ಅಂಕ, ಅಲ್ಲಿ ಸಂಕ್ಷೇಪಕ್ಕೆ 75. ಮುಖ್ಯ ಮಾತು ಯಾವುದು, ಉದಾಹರಣೆ ಯಾವುದು ಎಂದು ಗುರುತಿಸುವ ಕಣ್ಣು ಎರಡಕ್ಕೂ ಒಂದೇ. ವಾಕ್ಯ ಕುಗ್ಗಿಸುವ ಕೈ ಮಾತ್ರ ಬೇರೆಬೇರೆ ಪಳಗಬೇಕು.

ಯಾರಿಗೆ ಯಾವುದು

ಕನ್ನಡ ಮಾಧ್ಯಮದಲ್ಲಿ ಓದಿ, ಸರಾಗವಾಗಿ ಬರೆಯಬಲ್ಲವರಿಗೆ ಹಳೆಯ ಪ್ರಶ್ನೆಪತ್ರಿಕೆ ಸಾಕು. ಎರಡು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿರಿ, ನುಡಿಗಟ್ಟಿಗೆ ಒಂದು ಗೈಡು ನೋಡಿ, ಮುಂದಕ್ಕೆ ಹೋಗಿ. ಇವರು ಕೋಚಿಂಗಿಗೆ ದುಡ್ಡು ಸುರಿಯುವುದು ವ್ಯರ್ಥ.

ಮಾತು ಚೆನ್ನಾಗಿದ್ದು ಬರವಣಿಗೆ ಬಿಟ್ಟವರಿಗೆ, ಅಂದರೆ ಬೆಂಗಳೂರು, ಮೈಸೂರಿನ ಇಂಗ್ಲಿಷ್ ಮಾಧ್ಯಮದವರಿಗೆ, ಒಂಬತ್ತು ಹತ್ತನೇ ತರಗತಿಯ ಪುಸ್ತಕದ ಜೊತೆಗೆ ವಾರಕ್ಕೆರಡು ಸಂಕ್ಷೇಪ, ತಿದ್ದುವ ಒಬ್ಬರು. ಮುಖ್ಯ ಪರೀಕ್ಷೆಗೆ ಮೂರು ತಿಂಗಳು ಇರುವಾಗ ಶುರುಮಾಡಿದರೆ ಸಾಮಾನ್ಯ ಅಧ್ಯಯನಕ್ಕೆ ಹೊರೆಯಾಗುವುದಿಲ್ಲ. ದೆಹಲಿಯಲ್ಲಿ ಕೂತು ಓದುತ್ತಿದ್ದರೆ ಬರೆದ ಹಾಳೆಯ ಚಿತ್ರ ತೆಗೆದು ಊರಿನ ಮೇಷ್ಟ್ರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿ.

ಅಕ್ಷರವೇ ತಡವರಿಸುವವರಿಗೆ ಮಾತ್ರ ಕೋಚಿಂಗ್ ನಿಜಕ್ಕೂ ಬೇಕಾದೀತು, ಅದೂ ತಿದ್ದಿಕೊಡುವ ಕಡೆ. ಇವರು ಸಂಧಿ, ಸಮಾಸದ ಗೊಡವೆಗೆ ಹೋಗದೆ ಮೊದಲು ಗದ್ಯಭಾಗದ 60 ಮತ್ತು ಎರಡು ಅನುವಾದದ 40 ಅಂಕಗಳ ಮೇಲೆ ಕೂರಲಿ. ಗದ್ಯಭಾಗದ ಉತ್ತರ ಎದುರಿಗೇ ಇರುತ್ತದೆ, ಚಿಕ್ಕ ವಾಕ್ಯದಲ್ಲಿ ಬರೆದರಾಯಿತು. ಪ್ರಬಂಧವನ್ನೂ ಬಿಡಬಾರದು, 600 ಪದ ಮುಟ್ಟದಿದ್ದರೂ ಸರಿ, ತಪ್ಪಿಲ್ಲದ ಚಿಕ್ಕ ವಾಕ್ಯಗಳ 400 ಪದ ಇರಲಿ.

ಎರಡೇ ವಾರ ಉಳಿದಿದ್ದರೆ? ಪುಸ್ತಕ ಯಾವುದನ್ನೂ ಹೊಸದಾಗಿ ತೆರೆಯಬೇಡಿ. ದಿನಕ್ಕೊಂದು ಸಂಕ್ಷೇಪ ಬರೆಯಿರಿ. ಬರೆದದ್ದರಲ್ಲಿ ‘ಏಕೆಂದರೆ’, ‘ಯಾರು... ಅವರು’, ‘-ಲಾಗಿದೆ’ ಎಲ್ಲೆಲ್ಲಿದೆ ಎಂದು ಗೆರೆ ಎಳೆದು, ಆ ವಾಕ್ಯಗಳನ್ನಷ್ಟೇ ಇನ್ನೊಮ್ಮೆ ಬರೆಯಿರಿ.